ಎಸ್‌ಎಸ್‌ಎಲ್‌ಸಿ ಆದ ಮೇಲೆ ಹೈದರಾಬಾದೋ, ಕಲಬುರಗಿಯೋ? ಐಐಟಿ–ಎನ್‌ಐಟಿ ಗುರಿ ಇದ್ದವರಿಗೆ

ಭೀಮಾದಂಡೆ (ಯಾದಗಿರಿ) – ಪ್ರಶ್ನೆ

ಮಗಳು ಈ ವರ್ಷ ಹತ್ತನೇ ತರಗತಿ. ಒಂದರಿಂದ ಹತ್ತರವರೆಗೆ ಶಹಾಪುರ ತಾಲ್ಲೂಕಿನ ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಗಣಿತ ಚೆನ್ನಾಗಿದೆ, ಎಂಜಿನಿಯರಿಂಗ್ ಓದಬೇಕು, ಆದರೆ ಐಐಟಿಯಲ್ಲೇ ಓದಬೇಕು ಅಂತಾಳೆ. ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ. ತಿಳಿದವರು ಬಿಡಿಸಿ ಹೇಳಿ:

ಪಿಯುಸಿಯನ್ನು ಕಲಬುರಗಿಯಲ್ಲಿ ಓದಿಸುವುದಾ, ಹೈದರಾಬಾದಿಗೆ ಕಳಿಸಿ ಇಂಟರ್ (ಅಲ್ಲಿನ ಪಿಯುಸಿ) ಮಾಡಿಸುವುದಾ? ಹೈದರಾಬಾದಿಗೆ ಕಳಿಸಿದರೆ ನಮ್ಮ ಕಲ್ಯಾಣ ಕರ್ನಾಟಕದವರ 371(ಜೆ) ಮೀಸಲಾತಿ ಹೋಗುತ್ತೆ ಅಂತಾರೆ, ಹೌದಾ? ಆ ಮೀಸಲಾತಿ ಐಐಟಿಗೂ ಬರುತ್ತಾ? ನಮ್ಮದು ರಾಜ್ಯದ ಪಟ್ಟಿಯಲ್ಲಿ 2ಎ, ಒಂಬತ್ತು ಎಕರೆ ಹೊಲ ಇದೆ, ಅದರಲ್ಲಿ ಸ್ವಲ್ಪ ನಾರಾಯಣಪುರ ಕಾಲುವೆ ನೀರು ಬರೋದು, ಉಳಿದದ್ದು ತೊಗರಿ ಬೆಳೆಯುವ ಒಣಭೂಮಿ. ಯಾವ ಸರ್ಟಿಫಿಕೇಟ್ ಮಾಡಿಸಬೇಕು? ಕನ್ನಡ ಮಾಧ್ಯಮದ ಮಕ್ಕಳಿಗೆ ಜೆಇಇ ಕನ್ನಡದಲ್ಲಿ ಬರೆಯಲು ಆಗುತ್ತಾ?

ಬಹಮನಿ_ಬೀದರ್

ಮೊದಲು ಒಂದು ಗಂಟು ಬಿಚ್ಚೋಣ. ಇಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಅರ್ಧ ಗೊಂದಲ.

ಒಂದು ಕೇಂದ್ರದ್ದು: ಜೆಇಇ ಮೇನ್, ಜೆಇಇ ಅಡ್ವಾನ್ಸ್ಡ್, ಅದರ ನಂತರ ಜೋಸಾ ಕೌನ್ಸೆಲಿಂಗ್. 23 ಐಐಟಿ, 31 ಎನ್‌ಐಟಿ ಮತ್ತು ಐಐಐಟಿಗಳ ಸೀಟು ಇಲ್ಲಿ ಹಂಚಿಕೆಯಾಗುತ್ತವೆ. ಇನ್ನೊಂದು ರಾಜ್ಯದ್ದು: ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸಿಇಟಿ. 371(ಜೆ) ಬರುವುದು ಈ ಎರಡನೆಯದರಲ್ಲಿ ಮಾತ್ರ. ಐಐಟಿಗೂ ಎನ್‌ಐಟಿಗೂ ಅದು ಇಲ್ಲ. ನಮ್ಮ ಪಕ್ಕದ ರಾಯಚೂರಿನ ಐಐಐಟಿ ನಮ್ಮ ನೆಲದಲ್ಲೇ ಇದ್ದರೂ ಅಲ್ಲಿಗೂ 371(ಜೆ) ಇಲ್ಲ, ಕರ್ನಾಟಕದವರಿಗೆಂದು ಬೇರೆ ಕೋಟಾ ಕೂಡ ಇಲ್ಲ. ಧಾರವಾಡದ ಐಐಟಿಯೂ ಹಾಗೆಯೇ.

ರಾಜ್ಯ ಕೋಟಾ ಇರುವುದು ಎನ್‌ಐಟಿಗಳಲ್ಲಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ, ಅರ್ಧ ಹೊರಗಿನವರಿಗೆ. ಆದರೆ 'ಕರ್ನಾಟಕದವರು' ಯಾರು? ಹುಟ್ಟಿದ ಊರು, ರೇಷನ್ ಕಾರ್ಡ್, ಅಪ್ಪನ ಪಹಣಿ ಇವು ಯಾವುದನ್ನೂ ನೋಡುವುದಿಲ್ಲ. ಹನ್ನೆರಡನೇ ತರಗತಿ ಯಾವ ರಾಜ್ಯದಲ್ಲಿ ಪಾಸಾಯಿತು ಅನ್ನುವುದನ್ನು ಮಾತ್ರ ನೋಡುತ್ತಾರೆ. ನಿಮ್ಮ ಮಗಳು ಹೈದರಾಬಾದಿನಲ್ಲಿ ಇಂಟರ್ ಮುಗಿಸಿದರೆ ಜೋಸಾ ಕಣ್ಣಿಗೆ ಅವಳು ತೆಲಂಗಾಣದವಳು. ಸುರತ್ಕಲ್‌ನ ರಾಜ್ಯ ಕೋಟಾ ಹೋಗುತ್ತದೆ, ಬದಲಿಗೆ ವಾರಂಗಲ್ ಎನ್‌ಐಟಿಯ ರಾಜ್ಯ ಕೋಟಾ ಸಿಗುತ್ತದೆ. ಇದು ಬರೀ ನಷ್ಟವಲ್ಲ, ಅದಲು ಬದಲು. ಯಾವುದು ಲಾಭ ಎಂದು ತಿಳಿಯಲು ಜೋಸಾ ಜಾಲತಾಣದಲ್ಲಿ ಹಿಂದಿನ ವರ್ಷಗಳ ಓಪನಿಂಗ್ ಮತ್ತು ಕ್ಲೋಸಿಂಗ್ ರ‍್ಯಾಂಕ್ ತೆಗೆಯಿರಿ. ಸುರತ್ಕಲ್ ಮತ್ತು ವಾರಂಗಲ್ ಎರಡರಲ್ಲೂ ನಿಮಗೆ ಬೇಕಾದ ಬ್ರಾಂಚಿನ 'ಎಚ್‌ಎಸ್' (ಹೋಮ್ ಸ್ಟೇಟ್, ಅಂದರೆ ರಾಜ್ಯ ಕೋಟಾ) ಸಾಲನ್ನು, ನಿಮ್ಮ ವರ್ಗದ ಕಾಲಂನಲ್ಲಿ, ಕೊನೆಯ ಸುತ್ತಿನದ್ದು ನೋಡಿ ಪಕ್ಕಪಕ್ಕ ಬರೆದುಕೊಳ್ಳಿ. ಹತ್ತು ನಿಮಿಷದ ಕೆಲಸ. ಎರಡು ವರ್ಷದ ಹಾಸ್ಟೆಲ್ ಫೀ ಕಟ್ಟುವ ಮೊದಲು ಈ ಹತ್ತು ನಿಮಿಷ ಕೊಡಿ.

ಈಗ ರಾಜ್ಯದ ಕಡೆ. 371(ಜೆ) ಅನ್ನು 98ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿತು, ಅದರ ಪ್ರವೇಶ ನಿಯಮಗಳು 2013ರವು. ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಹೆಚ್ಚಿನವರು ಮೊದಲನೆಯದನ್ನೇ ಹಿಡಿದುಕೊಂಡು ಕಲಬುರಗಿಯ ಪಿಡಿಎ, ಬೀದರಿನ ಗುರುನಾನಕ್ ದೇವ್, ಭಾಲ್ಕಿ ಎಂದು ಯೋಚಿಸುತ್ತಾರೆ. ಓದಿನಲ್ಲಿ ಮುಂದಿರುವ ಮಗುವಿಗೆ ನಿಜವಾದ ಬಾಗಿಲು ಆ ಶೇ. 8. ಬೆಂಗಳೂರಿನಲ್ಲಿ ಪೈಪೋಟಿ ಹೆಚ್ಚಿರುವ ಕಾಲೇಜುಗಳಲ್ಲೂ ಕೆಇಎ ಸೀಟುಗಳಲ್ಲಿ ಈ ಪಾಲು ಇದೆ. ಕೆಇಎ ಕಟ್‌ಆಫ್ ಪಟ್ಟಿಯನ್ನು ಸಾಮಾನ್ಯ ಮತ್ತು ಎಚ್‌ಕೆ (ಹೈದರಾಬಾದ್ ಕರ್ನಾಟಕ, ಅಂದರೆ 371(ಜೆ) ಇರುವವರು) ಎಂದು ಬೇರೆ ಬೇರೆ ಹಾಕುತ್ತದೆ. ನೀವು ನೋಡಬೇಕಾದ್ದು ಎಚ್‌ಕೆ ಪಟ್ಟಿ. ನಿಮ್ಮ ಮಗಳಿಗೆ ಇನ್ನೂ ಎರಡು ಸೇರುತ್ತವೆ: ಒಂದರಿಂದ ಹತ್ತು ಗ್ರಾಮೀಣ ಶಾಲೆ, ಒಂದರಿಂದ ಹತ್ತು ಕನ್ನಡ ಮಾಧ್ಯಮ. ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದ್ದು ಶೇ. 5. ಇವು 2ಎ ಮತ್ತು ಎಚ್‌ಕೆ ಜೊತೆಗೂಡಿ ಕೆಲಸ ಮಾಡುತ್ತವೆ. ಹತ್ತು ವರ್ಷದಲ್ಲಿ ಒಂದೇ ವರ್ಷ ಪಟ್ಟಣದ ಶಾಲೆಗೆ ಹೋಗಿದ್ದರೂ ಗ್ರಾಮೀಣ ಬರುವುದಿಲ್ಲ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತುಂಬಿಸಿ ಬಿಇಒ ಮೇಲುಸಹಿ ಮಾಡಿಸಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡರಿಂದಲೂ ಬೇಕು. ಮುಖ್ಯ ಶಿಕ್ಷಕರು ವರ್ಗವಾಗುವ ಮುನ್ನ, ಟಿಸಿ ತೆಗೆದುಕೊಳ್ಳುವ ದಿನವೇ ಮಾಡಿಸಿಬಿಡಿ.

ಹೈದರಾಬಾದಿಗೆ ಹೋದರೆ 371(ಜೆ) ಹೋಗುತ್ತದೆಯೇ? ಇಲ್ಲ. ಅದು ಇಲ್ಲಿ ಹುಟ್ಟಿದವರು, ಇಲ್ಲೇ ನೆಲೆಸಿದವರು, ಅವರ ಮಕ್ಕಳು ಎಂಬ ಆಧಾರದ್ದು. ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪತ್ರ ಕೈಯಲ್ಲಿರಬೇಕು. ಸಿಇಟಿಗೆ ಅರ್ಹತೆಯೂ ಹೋಗುವುದಿಲ್ಲ: ಒಂದರಿಂದ ಹನ್ನೆರಡರೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ ಇಲ್ಲಿ ಪಾಸಾಗಿದ್ದರೆ ಸಾಕು. ಆದರೆ ಹೊರ ಬೋರ್ಡಿನವರು ಹನ್ನೆರಡನೆಯ ಅಂಕಗಳನ್ನು ಕೆಇಎ ಕೊಡುವ ಲಿಂಕಿನಲ್ಲಿ ತಾವೇ ತುಂಬಬೇಕು. ನಮ್ಮ ಪಿಯು ಬೋರ್ಡಿನ ಅಂಕ ತಾನೇ ಬರುತ್ತದೆ. ಹೊರಗಿನದು ಬರುವುದಿಲ್ಲ, ಅದನ್ನು ತುಂಬದಿದ್ದರೆ ಸಿಇಟಿ ಬರೆದಿದ್ದರೂ ರ‍್ಯಾಂಕ್ ಬರುವುದಿಲ್ಲ.

ಇನ್ನು ಮೂರನೆಯ ದಾರಿಯೊಂದನ್ನು ಏಜೆಂಟರು ಹೇಳುತ್ತಾರೆ: ಹೆಸರು ಇಲ್ಲಿನ ಪಿಯು ಕಾಲೇಜಿನಲ್ಲಿ, ಮಗು ಹೈದರಾಬಾದಿನ ಕೋಚಿಂಗಿನಲ್ಲಿ. ದಯವಿಟ್ಟು ಇದಕ್ಕೆ ಕೈ ಹಾಕಬೇಡಿ. ಪಿಯು ಬೋರ್ಡಿಗೆ ಶೇ. 75 ಹಾಜರಾತಿ ಬೇಕು. ಪ್ರಾಕ್ಟಿಕಲ್ ಮಾಡದ ಮಗು ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುತ್ತದೆ. ಹಾಲ್ ಟಿಕೆಟ್ ನಿಂತರೆ ಎರಡು ವರ್ಷದ ಜೆಇಇ ತಯಾರಿಗೂ ಬೆಲೆ ಇಲ್ಲ.

ಗಣಿತ_ಕಲಬುರಗಿ

ಬಹಮನಿಯವರು ಹೇಳಿದ್ದು ಸರಿ. ಒಂದು ಲೆಕ್ಕ ಸೇರಿಸುತ್ತೇನೆ, ಯಾಕೆಂದರೆ ಕೋಚಿಂಗಿಗೆ ಹೋದವರು ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವುದು ಬಹಳ.

ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಸಿಇಟಿ, ಅರ್ಧ ಹನ್ನೆರಡನೆಯ ಭೌತ, ರಸಾಯನ, ಗಣಿತದ ಅಂಕ. ಸಿಇಟಿಯಲ್ಲಿ ವಿಷಯಕ್ಕೆ 60ರಂತೆ 180 ಅಂಕ. ಒಬ್ಬಳು 120 ತೆಗೆದರೆ 66.67 ಶೇಕಡಾ. ಪಿಯುಸಿಯ ಮೂರು ವಿಷಯದಲ್ಲಿ 300ಕ್ಕೆ 270 ಬಂದರೆ 90 ಶೇಕಡಾ. ಎರಡರ ಸರಾಸರಿ 78.33. ಅಂದರೆ ಪಿಯುಸಿಯಲ್ಲಿ ಹೆಚ್ಚಿಗೆ ಪಡೆದ 15 ಅಂಕ ಸಿಇಟಿಯ 9 ಅಂಕಕ್ಕೆ ಸಮ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ ಬಿಡಿಸುತ್ತಾ 9 ಅಂಕ ಹೆಚ್ಚಿಸುವುದು ಎಷ್ಟು ಕಷ್ಟ ಎಂದು ಬರೆದವರಿಗೆ ಗೊತ್ತು. ಪಿಯುಸಿಯಲ್ಲಿ 15 ಅಂಕ ಪ್ರಾಕ್ಟಿಕಲ್, ಇಂಟರ್ನಲ್, ನಿರೂಪಣೆಯ ಪ್ರಶ್ನೆಗಳಿಂದಲೇ ಬರುತ್ತದೆ.

ಜೆಇಇ ಕಡೆಗೂ ಬೋರ್ಡ್ ಅಂಕ ಬೇಕು. ಐಐಟಿ, ಎನ್‌ಐಟಿ ಸೀಟಿಗೆ ಶೇ. 75 (ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ ಶೇ. 65), ಅಥವಾ ಆ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗೆ ಇರಬೇಕು. ನಮ್ಮ ಪಿಯುಸಿ 600ಕ್ಕೆ, ಆದರೆ ಅಲ್ಲಿ ಲೆಕ್ಕ ಐದು ವಿಷಯದ್ದು: ಭೌತ, ರಸಾಯನ, ಗಣಿತ, ಒಂದು ಭಾಷೆ, ಇನ್ನೊಂದು ವಿಷಯ. ಹಾಗಾಗಿ 500ಕ್ಕೆ 375 ಬೇಕು. 600ಕ್ಕೆ 450 ಇದೆಯಲ್ಲ ಎಂದು ನಿಶ್ಚಿಂತೆಯಾಗಿ ಇರಬೇಡಿ, ಆ ಐದರದ್ದೇ ಬೇರೆ ಕೂಡಿ ನೋಡಿ.

ಭೀಮಾದಂಡೆ (ಯಾದಗಿರಿ)

ತುಂಬಾ ಉಪಕಾರ. ಹಾಗಾದರೆ ಕಲಬುರಗಿಯಲ್ಲೇ ಪಿಯುಸಿ ಅಂತ ಮನಸ್ಸು ಬರ್ತಿದೆ. ಸರ್ಟಿಫಿಕೇಟ್ ವಿಷಯ ಯಾರಾದರೂ ಹೇಳ್ರಿ. ನಾಡಕಚೇರಿಯಲ್ಲಿ ಮಾಡಿಸಿದ ಜಾತಿ–ಆದಾಯ ಪ್ರಮಾಣಪತ್ರ ಇದೆ, ಐದು ವರ್ಷ ನಡೆಯುತ್ತೆ ಅಂದಿದ್ದಾರೆ. ಅದೇ ಸಾಕಲ್ಲವಾ?

ಸುರಪುರ_ಕೋಟೆ

ಸಾಕಾಗುವುದಿಲ್ಲ. ಇಲ್ಲೇ ಹೆಚ್ಚಿನ ಮಕ್ಕಳು ಸೀಟು ಕಳೆದುಕೊಳ್ಳುವುದು. ಪೂರ್ತಿ ಓದಿ.

ನಿಮ್ಮ ಬಳಿ ಇರುವುದು ರಾಜ್ಯದ ಪ್ರಮಾಣಪತ್ರ. ಸಿಇಟಿಗೆ, ವಿದ್ಯಾರ್ಥಿವೇತನಕ್ಕೆ ಅದು ನಡೆಯುತ್ತದೆ. ಜೋಸಾಗೆ ಬೇಕಾದ್ದು ಕೇಂದ್ರ ಸರ್ಕಾರದ ನಮೂನೆಯ ಓಬಿಸಿ–ಎನ್‌ಸಿಎಲ್, ಅಂದರೆ ಕೆನೆಪದರಕ್ಕೆ ಸೇರದವರು ಎಂಬ ಪತ್ರ. ಅದು ಪ್ರವೇಶದ ವರ್ಷದ ಏಪ್ರಿಲ್ 1ರಂದು ಅಥವಾ ಆಮೇಲೆ ಕೊಟ್ಟದ್ದಾಗಿರಬೇಕು. ಮಾರ್ಚ್ 28ರ ದಿನಾಂಕ ಇದ್ದರೆ ಅದು ಹಳೆಯ ಹಣಕಾಸು ವರ್ಷದ್ದು, ನಡೆಯುವುದಿಲ್ಲ. ಮಗಳು ದ್ವಿತೀಯ ಪಿಯುಸಿ ಮುಗಿಸುವ ವರ್ಷ ಏಪ್ರಿಲ್ ಮೊದಲ ವಾರದಲ್ಲೇ ನಾಡಕಚೇರಿಗೆ ಅರ್ಜಿ ಹಾಕಿ. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರ ವರದಿ ಆಗಿ ತಹಶೀಲ್ದಾರರ ಸಹಿಯಾಗಿ ಬರಬೇಕು. ಅರ್ಜಿ ಕೊಡುವಾಗಲೇ 'ಕೇಂದ್ರ ಸರ್ಕಾರದ ಉದ್ದೇಶಕ್ಕೆ' ಎಂದು ಬಾಯಿಬಿಟ್ಟು ಹೇಳಿ, ಬಂದ ಮೇಲೆ ನಮೂನೆಯನ್ನು ಜೋಸಾ ಮಾದರಿಯ ಜೊತೆ ಸಾಲು ಸಾಲು ಹೊಂದಿಸಿ ನೋಡಿ. ಈ ಪತ್ರ ಸಮಯಕ್ಕೆ ಸಿಗದಿದ್ದರೆ ಅಭ್ಯರ್ಥಿಯನ್ನು ಸಾಮಾನ್ಯ ವರ್ಗಕ್ಕೆ ಹಾಕುತ್ತಾರೆ. ಓಬಿಸಿ ಕಟ್‌ಆಫ್ ಮೇಲೆ ಅಡ್ವಾನ್ಸ್ಡ್ ಪಾಸಾಗಿ ಸಾಮಾನ್ಯ ಕಟ್‌ಆಫ್ ದಾಟಿರದಿದ್ದರೆ ಐಐಟಿ ಸೀಟು ಅಲ್ಲಿಗೇ ಮುಗಿಯಿತು.

ಎರಡನೆಯದು, ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. 2ಎ ಎಂದಾಕ್ಷಣ ಓಬಿಸಿ ಎಂದು ತುಂಬಬೇಡಿ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಪಟ್ಟಿಯಲ್ಲಿ ಕರ್ನಾಟಕ ತೆರೆದು ನಿಮ್ಮ ಜಾತಿಯ ಹೆಸರು, ಕ್ರಮಸಂಖ್ಯೆ ಹುಡುಕಿ. ಉದಾಹರಣೆಗೆ ಕುರುಬ ಸಮುದಾಯ ಎರಡರಲ್ಲೂ ಇದೆ. ವೀರಶೈವ ಲಿಂಗಾಯತ ಎಂಬುದು ರಾಜ್ಯದಲ್ಲಿ 3ಬಿ, ಆದರೆ ಆ ಹೆಸರಿನಲ್ಲಿ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಅದರ ಕೆಲವು ಉಪಜಾತಿಗಳು ಮಾತ್ರ ಬೇರೆ ಹೆಸರಿನಲ್ಲಿ ಇವೆ. ತಾಂಡಾದ ಮಕ್ಕಳಿಗೂ ಒಂದು ಮಾತು: ಲಂಬಾಣಿ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಹೈದರಾಬಾದಿನಲ್ಲಿ ಓದಿದ ಮಾತ್ರಕ್ಕೆ ಎಸ್‌ಟಿ ಆಗುವುದಿಲ್ಲ, ಮೂಲ ರಾಜ್ಯದ್ದೇ ನಡೆಯುವುದು.

ಮೂರನೆಯದು ಹೊಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದ್ದರೆ ಚಿಂತೆ ಕಡಿಮೆ. ಕೆನೆಪದರದ ಎಂಟು ಲಕ್ಷದ ಆದಾಯ ಮಿತಿಯ ಲೆಕ್ಕದಲ್ಲಿ ಸಂಬಳ ಮತ್ತು ಬೇಸಾಯದ ಆದಾಯ ಸೇರಿಸುವುದಿಲ್ಲ. ಭೂಮಿಯನ್ನು ಬೇರೆಯಾಗಿ ನೋಡುತ್ತಾರೆ. ಪೂರ್ತಿ ಒಣಭೂಮಿ ಇರುವ ಕುಟುಂಬ ಎಷ್ಟೇ ಎಕರೆ ಇದ್ದರೂ ಭೂಮಿಯ ಕಾರಣಕ್ಕೆ ಕೆನೆಪದರವಾಗುವುದಿಲ್ಲ. ನೀರಾವರಿ ಇದ್ದರೆ ಭೂಮಿತಿ ಕಾಯ್ದೆಯ ಮಿತಿಯ ಶೇ. 85ರ ಗೆರೆ ನೋಡುತ್ತಾರೆ. ನಿಮ್ಮದರಲ್ಲಿ ಕಾಲುವೆ ನೀರಿನದು ಎಷ್ಟು ಗುಂಟೆ, ಒಣದ್ದು ಎಷ್ಟು ಎಂಬುದು ಪಹಣಿಯಲ್ಲಿ ಸರಿಯಾಗಿ ನಮೂದಾಗಿದೆಯೇ ಈಗಲೇ ನೋಡಿ. ಒಣ ಹೊಲವನ್ನು ತಪ್ಪಾಗಿ ನೀರಾವರಿ ಎಂದು ಬರೆದಿದ್ದರೆ ಅದನ್ನು ತಿದ್ದಿಸಲು ತಿಂಗಳುಗಳೇ ಬೇಕು.

ಇದನ್ನು ಓದುವ ಸಾಮಾನ್ಯ ವರ್ಗದವರಿಗೆ: ಇಡಬ್ಲ್ಯುಎಸ್‌ನಲ್ಲಿ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಒಣ, ನೀರಾವರಿ ಎಂಬ ಭೇದವೇ ಇಲ್ಲ. ಕುಟುಂಬಕ್ಕೆ ಐದು ಎಕರೆ ಅಥವಾ ಹೆಚ್ಚು ಬೇಸಾಯದ ಭೂಮಿ ಇದ್ದರೆ ಆದಾಯ ಎಷ್ಟೇ ಕಡಿಮೆ ಇದ್ದರೂ ಅರ್ಹತೆ ಇಲ್ಲ. ಮಳೆ ನಂಬಿ ತೊಗರಿ ಬಿತ್ತುವ ಏಳೆಂಟು ಎಕರೆಯ ಮನೆಗಳು ನಮ್ಮ ಜಿಲ್ಲೆಗಳಲ್ಲಿ ಎಷ್ಟಿವೆ! ಈ ನಿಯಮ ನಮ್ಮ ಕಡೆಯ ನೆಲ ನೋಡಿ ಮಾಡಿದ್ದಲ್ಲ, ನನಗೆ ಇದು ಅನ್ಯಾಯ ಅನಿಸುತ್ತದೆ. ಆದರೆ ನಿಯಮ ಇರುವುದು ಹಾಗೆ. ಇದಕ್ಕೂ ಏಪ್ರಿಲ್ 1ರ ದಿನಾಂಕವೇ.

ಕೊನೆಗೆ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ ಪತ್ರ ಮೂರರಲ್ಲೂ ಒಂದೇ ಕಾಗುಣಿತ ಇರಬೇಕು. ನಮ್ಮ ಕಡೆ ಶಾಲೆಯಲ್ಲಿ 'ಭಾಗ್ಯಶ್ರೀ ತಂದೆ ಶರಣಪ್ಪ', ಆಧಾರ್‌ನಲ್ಲಿ 'ಭಾಗ್ಯಶ್ರೀ ಎಸ್' ಎಂದಿರುವುದು ಸಾಮಾನ್ಯ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾಗುವ ಮುನ್ನ ಶಾಲೆಯವರು ತೋರಿಸುವ ಚೆಕ್ ಲಿಸ್ಟಿನಲ್ಲಿ ಇಂಗ್ಲಿಷ್ ಕಾಗುಣಿತ, ಹುಟ್ಟಿದ ದಿನಾಂಕ ಅಕ್ಷರಕ್ಷರ ನೋಡಿ. ಮಗಳು ಈಗ ಹತ್ತನೇ ತರಗತಿಯಲ್ಲೇ ಇದ್ದಾಳೆ, ಇದು ಈ ವರ್ಷದ್ದೇ ಕೆಲಸ. ಆಧಾರ್ ತಿದ್ದುವುದು ಸುಲಭ, ಅಂಕಪಟ್ಟಿ ತಿದ್ದುವುದು ಕಷ್ಟ. ಆದ್ದರಿಂದ ಅಂಕಪಟ್ಟಿಗೆ ಆಧಾರ್ ಹೊಂದಿಸಿ.

ಶರಣ_ಆಳಂದ

ಕನ್ನಡ ಮಾಧ್ಯಮದ ಬಗ್ಗೆ ನಾ ಹೇಳ್ತೀನ್ರಿ.

ಜೆಇಇ ಮೇನ್ 13 ಭಾಷೆಯಾಗ ಅದ, ಅದರಾಗ ಕನ್ನಡನೂ ಅದ. ಕನ್ನಡ ಪ್ರಶ್ನೆಪತ್ರಿಕೆ ಸಿಗೋದು ಕರ್ನಾಟಕದ ಕೇಂದ್ರಗಳಾಗ ಮಾತ್ರ, ಹಂಗಾಗಿ ಹೈದರಾಬಾದಿನಾಗ ಓದೋರು ಕನ್ನಡ ಬೇಕಂದ್ರ ಕಲಬುರಗಿ ಅಂತ ಕೇಂದ್ರ ಹಾಕಬೇಕು. ಅನುವಾದದಾಗ ಗೊಂದಲ ಬಂದ್ರ ಇಂಗ್ಲಿಷ್ ಪ್ರಶ್ನೆನೇ ಅಂತಿಮ. ಆದ್ರ ಜೆಇಇ ಅಡ್ವಾನ್ಸ್ಡ್ ಇಂಗ್ಲಿಷ್, ಹಿಂದಿ ಎರಡರಾಗ ಮಾತ್ರ. ಐಐಟಿಗೆ ಅದೇ ಬಾಗಿಲು. ಪಿಯುಸಿ ಸೈನ್ಸ್ ಪಾಠನೂ ಇಂಗ್ಲಿಷಿನಾಗೇ ನಡೀತದ. ಅದಕ್ಕ ನನ್ನ ಮಾತು: ಕನ್ನಡದಾಗ ತಿಳ್ಕೊಳ್ಳಿ, ಇಂಗ್ಲಿಷಿನಾಗ ಬಿಡಿಸೋದು ರೂಢಿ ಮಾಡ್ರಿ.

ಎಸ್‌ಎಸ್‌ಎಲ್‌ಸಿ ಪರೀಕ್ಷಿ ಮುಗಿದು ಪಿಯುಸಿ ಶುರು ಆಗೋದ್ರೊಳಗ ಎರಡು ತಿಂಗಳ ಸಿಗ್ತಾವ. ಕೋಚಿಂಗ್ ಫೌಂಡೇಶನ್ ಅಂತ ರೊಕ್ಕ ಕೊಡೋಕಿಂತ ಮೊದಲ ಇಷ್ಟು ಮಾಡಸ್ರಿ. ಹತ್ತನೇದ ವಿಜ್ಞಾನ, ಗಣಿತ ಪುಸ್ತಕ ಇಂಗ್ಲಿಷ್ ಮಾಧ್ಯಮದ್ದು ತರ್ರಿ. ಎರಡೂ ಪುಸ್ತಕದಾಗ ಪಾಠ ಅವೇ, ಚಿತ್ರ ಅವೇ, ಲೆಕ್ಕ ಅವೇ. ಪಕ್ಕಪಕ್ಕ ಇಟ್ಟು ಓದಿದ್ರ ಪದ ತಾನೇ ಕೂಡ್ತಾವ. ಜವ ಅಂದ್ರ ಸ್ಪೀಡ್, ವೇಗ ಅಂದ್ರ ವೆಲಾಸಿಟಿ, ವೇಗೋತ್ಕರ್ಷ ಅಂದ್ರ ಆಕ್ಸಿಲರೇಶನ್, ಸಂವೇಗ ಅಂದ್ರ ಮೊಮೆಂಟಮ್. ಕನ್ನಡ ಮಾಧ್ಯಮದ ಹುಡುಗರಿಗೆ ಜವಕ್ಕೂ ವೇಗಕ್ಕೂ ಇರೋ ಭೇದ ಖಚಿತ ಗೊತ್ತಿರ್ತದ, ಅದು ಅವರ ಬಲ. ಅದನ್ನ ಹೊಸ ಪದಕ್ಕ ದಾಟಿಸಿದ್ರ ಮುಗೀತು.

ಖರೇ ತ್ರಾಸು ಕೊಡೋದು ವಿಜ್ಞಾನದ ಪದ ಅಲ್ರಿ, ಲೆಕ್ಕದ ಭಾಷಾದಾಗಿನ ಸಣ್ಣ ಪದಗಳು. 'ಸ್ಮೂತ್ ಸರ್ಫೇಸ್' ಅಂದ್ರ ಘರ್ಷಣೆ ಸೊನ್ನೆ ಅಂತ ತಗೋಬೇಕು. 'ಲೈಟ್ ಸ್ಟ್ರಿಂಗ್' ಅಂದ್ರ ದಾರದ ದ್ರವ್ಯರಾಶಿ ಸೊನ್ನೆ, ಬೆಳಕಲ್ಲ. 'ಇನೆಕ್ಸ್‌ಟೆನ್ಸಿಬಲ್' ಅಂದ್ರ ದಾರ ಹಿಗ್ಗಂಗಿಲ್ಲ, ಅದಕ್ಕ ಎರಡೂ ತುದಿಯ ವಸ್ತುಗಳ ವೇಗೋತ್ಕರ್ಷದ ಪರಿಮಾಣ ಒಂದೇ. 'ಜಸ್ಟ್ ಅಬೌಟ್ ಟು ಸ್ಲಿಪ್' ಅಂದ್ರ ಘರ್ಷಣೆ ತನ್ನ ಗರಿಷ್ಠ ಮಿತಿ ಮುಟ್ಟೇದ ಅಂತ. 'ರೆಸ್ಪೆಕ್ಟಿವ್ಲಿ' ಅಂದ್ರ ಅನುಕ್ರಮವಾಗಿ. ಒಂದೊಂದು ಪದ ಒಂದೊಂದು ಸಮೀಕರಣ. ಅದು ತಿಳೀದಿದ್ರ ಭೌತಶಾಸ್ತ್ರ ಎಷ್ಟು ಬಂದ್ರೂ ಲೆಕ್ಕ ಶುರುನೇ ಆಗಂಗಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ಇಟ್ಟು ಎಡಕ್ಕ ಇಂಗ್ಲಿಷ್ ಪದ, ಬಲಕ್ಕ ಅದರಿಂದ ಬರೋ ಸಮೀಕರಣ ಬರೀರಿ. ಅರ್ಥ ಅಲ್ಲ, ಸಮೀಕರಣ ಬರೀರಿ.

ಊಹೆ ಮಾಡೋದ್ರ ಬಗ್ಗೆನೂ ಹೇಳಿಬಿಡ್ತೀನಿ. ಮೇನ್‌ನಾಗ 75 ಪ್ರಶ್ನೆ, 300 ಅಂಕ, 180 ನಿಮಿಷ. ಒಂದಕ್ಕ 2 ನಿಮಿಷ 24 ಸೆಕೆಂಡು. ಸರಿ ಇದ್ರ 4, ತಪ್ಪಾದ್ರ 1 ಕಳೀತಾರ. ನಾಲ್ಕು ಆಯ್ಕೆಯಾಗ ಎರಡು ಖಚಿತ ತಪ್ಪು ಅಂತ ಗೊತ್ತಾದ್ರ ಉಳಿದ ಎರಡರಾಗ ಒಂದು ಹೊಡೀಬೇಕು, ಸರಾಸರಿ ಒಂದೂವರೆ ಅಂಕದ ಲಾಭ. ಉತ್ತರ ಸಂಖ್ಯೆಯಾಗಿ ಬರೀಬೇಕಾದ ಪ್ರಶ್ನೆಯಾಗ ಊಹೆ ಬ್ಯಾಡ, ಅಲ್ಲಿ ಸರಿ ಬೀಳೋ ಸಾಧ್ಯತೆ ಇಲ್ಲ ಅನ್ನೋಷ್ಟು ಕಡಿಮಿ, ಆದ್ರ 1 ಅಂಕ ಮಾತ್ರ ಹೋಗ್ತದ.

ಹುಮನಾಬಾದ್_ರೋಡ್

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬೀದರ್, ಹುಮನಾಬಾದ್ ಕಡೆಯವರಿಗೆ ಹೈದರಾಬಾದ್ ಕೂಡ ಅಷ್ಟೇನೂ ದೂರವಲ್ಲ. ಕಂದಿಯ ಐಐಟಿ ಹೈದರಾಬಾದ್ ಇರುವುದೂ ನಮ್ಮ ಹೆದ್ದಾರಿಯ ಮೇಲೆಯೇ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಹಾಸ್ಟೆಲ್ ರೂಢಿ ಇರುವ ಮಗುವಿಗೆ ಅಲ್ಲಿನ ಪೈಪೋಟಿ ಒಳ್ಳೆಯದು. ಆದರೆ ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಒಂದೇ ಸಲಕ್ಕೆ ಇಂಗ್ಲಿಷ್ ಪಾಠ, ಸುತ್ತಲೂ ತೆಲುಗು ಮಾತು, ವಾರ ವಾರ ರ‍್ಯಾಂಕ್ ಪಟ್ಟಿ, ಇವೆಲ್ಲ ಸೇರಿದರೆ ಮೊದಲ ಆರು ತಿಂಗಳು ಹೋಗಿಬಿಡುತ್ತವೆ. ಜೆಇಇ ಅಡ್ವಾನ್ಸ್ಡ್‌ಗೆ ಇರುವುದು ಸತತ ಎರಡು ವರ್ಷ, ಎರಡೇ ಅವಕಾಶ. ಆ ಆರು ತಿಂಗಳಲ್ಲಿ ಕಲಿಯುವ ಚಲನಶಾಸ್ತ್ರ, ಮೋಲ್ ಪರಿಕಲ್ಪನೆ, ವರ್ಗ ಸಮೀಕರಣವೇ ಮುಂದಿನ ಎಲ್ಲದಕ್ಕೂ ಅಡಿಪಾಯ. ಹೀಗಾಗಿ ಈ ಮಗಳಿಗೆ ಕಲಬುರಗಿಯೇ ಸರಿ ಎಂದು ನನಗೂ ಅನಿಸುತ್ತದೆ.

ಇನ್ನೊಂದು ಪ್ರಶ್ನೆ ನನ್ನದು: ಜೋಸಾದಲ್ಲಿ ಆಯ್ಕೆಗಳನ್ನು ಯಾವ ಕ್ರಮದಲ್ಲಿ ಹಾಕಬೇಕು? 'ಸಿಗುವಂಥದ್ದನ್ನು ಮೇಲೆ ಹಾಕಿ, ಇಲ್ಲದಿದ್ದರೆ ಏನೂ ಸಿಗದು' ಎಂದು ಸೈಬರ್ ಸೆಂಟರಿನವರು ಹೇಳುತ್ತಾರೆ.

ಬಹಮನಿ_ಬೀದರ್

ಅದು ತಪ್ಪು, ದಯವಿಟ್ಟು ಹಾಗೆ ಮಾಡಬೇಡಿ. ಬೇಕಾದ್ದನ್ನು ಮೇಲೆ ಹಾಕಬೇಕು. ಗಣಕ ನಿಮ್ಮ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತಾ ಬರುತ್ತದೆ, ನಿಮ್ಮ ರ‍್ಯಾಂಕಿಗೆ ಮೊದಲು ದಕ್ಕುವ ಸೀಟು ಕೊಡುತ್ತದೆ. ಮೇಲೆ ಇಪ್ಪತ್ತು ಸಿಗದ ಆಯ್ಕೆ ಹಾಕಿದರೂ ಇಪ್ಪತ್ತೊಂದನೆಯದಕ್ಕೆ ಕಿಂಚಿತ್ತೂ ಧಕ್ಕೆ ಇಲ್ಲ. ತಿರುವಿ ಹಾಕಿದರೆ ನಷ್ಟ ಶಾಶ್ವತ: ಮೇಲಿನ ಆಯ್ಕೆ ದಕ್ಕಿದ ಕ್ಷಣ ಅದರ ಕೆಳಗಿನವೆಲ್ಲ ಅಳಿಸಿಹೋಗುತ್ತವೆ. ಎಷ್ಟು ಆಯ್ಕೆ ಬೇಕಾದರೂ ತುಂಬಬಹುದು. ಇನ್ನೂರು ತುಂಬಿ. ಮೊದಲು ಕಾಗದದ ಮೇಲೆ ಬರೆದು, ಮನೆಯಲ್ಲಿ ಕೂತು ಮಾತಾಡಿ, ಆಮೇಲೆ ತುಂಬಿ. ಪಾಸ್‌ವರ್ಡ್ ಯಾವ ಅಂಗಡಿಯವರ ಕೈಗೂ ಕೊಡಬೇಡಿ.

ಸೀಟು ಬಂದಾಗ ಮೂರು ಪದ ಕಾಣಿಸುತ್ತವೆ. ಫ್ರೀಜ್ ಎಂದರೆ ಇದೇ ಸಾಕು. ಸ್ಲೈಡ್ ಎಂದರೆ ಕಾಲೇಜು ಇದೇ, ಪಟ್ಟಿಯಲ್ಲಿ ಮೇಲಿರುವ ಬ್ರಾಂಚ್ ಸಿಕ್ಕರೆ ಕೊಡಿ. ಫ್ಲೋಟ್ ಎಂದರೆ ಮೇಲಿನ ಯಾವುದು ಸಿಕ್ಕರೂ ಕೊಡಿ. ಮೂರರಲ್ಲೂ ಈಗಿನ ಸೀಟು ಕೈಯಲ್ಲೇ ಇರುತ್ತದೆ, ಆದರೆ ಮೇಲಿನದು ಸಿಕ್ಕಿದರೆ ಹಿಂದಿನದು ಹೋಗುತ್ತದೆ, ಮರಳಿ ಬರುವುದಿಲ್ಲ. ಹೆದರಿ ಮೊದಲ ಸುತ್ತಿನಲ್ಲೇ ಫ್ರೀಜ್ ಮಾಡುವವರು ಬಹಳ. ಐದಾರು ಸುತ್ತು ಇರುತ್ತವೆ, ಕಟ್‌ಆಫ್ ಸುತ್ತಿನಿಂದ ಸುತ್ತಿಗೆ ಸಡಿಲವಾಗುವುದೇ ಹೆಚ್ಚು. ಸೀಟು ಬಂದ ಸುತ್ತಿನಲ್ಲೇ ಶುಲ್ಕ ಕಟ್ಟಬೇಕು, ದಾಖಲೆ ಏರಿಸಬೇಕು. ದಾಖಲೆಯಲ್ಲಿ ಏನಾದರೂ ಕೇಳಿ 'ಕ್ವೆರಿ' ಬಂದರೆ ಗಡುವಿನೊಳಗೆ ಉತ್ತರಿಸಬೇಕು. ಉತ್ತರ ಕೊಡದಿದ್ದರೆ ಸೀಟು ರದ್ದು. ಆ ದಿನಗಳಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಲಾಗಿನ್ ಆಗಿ ನೋಡಿ, ಮೆಸೇಜ್ ಬರುತ್ತದೆ ಎಂದು ಕಾಯಬೇಡಿ. ಹಣದ ಬಗ್ಗೆ: ಐಐಟಿಯಲ್ಲಿ ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷ. ಕುಟುಂಬದ ಆದಾಯ 1 ಲಕ್ಷದೊಳಗಿದ್ದರೆ ಅದು ಪೂರ್ತಿ ಮಾಫಿ, 1ರಿಂದ 5 ಲಕ್ಷದವರೆಗೆ ಮೂರರಲ್ಲಿ ಎರಡು ಪಾಲು ಮಾಫಿ. ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ ಪೂರ್ತಿ ಮಾಫಿ. ಹಾಸ್ಟೆಲ್, ಮೆಸ್ ಬೇರೆ.

ಕೆಇಎ ಸೀಟನ್ನೂ ಬಿಡಬೇಡಿ. ಅಲ್ಲಿ ಚಾಯ್ಸ್ 2 ಎಂದರೆ ಸಿಕ್ಕಿದ ಸೀಟು ಇಟ್ಟುಕೊಂಡು ಮುಂದಿನ ಸುತ್ತಿಗೆ ಹೋಗುವುದು, ಚಾಯ್ಸ್ 3 ಎಂದರೆ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. 2 ಮತ್ತು 3ರ ನಡುವೆ ಬೆರಳು ತಪ್ಪಬಾರದು.

ಗಣಿತ_ಕಲಬುರಗಿ

ಸೇರಿದ ಮೇಲಿನದನ್ನು ಯಾರೂ ಹೇಳಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಐಐಟಿ, ಎನ್‌ಐಟಿ ಮೊದಲ ಸೆಮಿಸ್ಟರಿನಲ್ಲಿ ಬೀಳುವ ಮಕ್ಕಳು ದಡ್ಡರಲ್ಲ. ಅವರು ಜೆಇಇ ಓದಿದ ರೀತಿಯಲ್ಲೇ ಓದುತ್ತಾರೆ, ಅಲ್ಲಿ ಕೇಳುವುದು ಬೇರೆ.

ಗಣಿತ ನೋಡಿ. ಎಕ್ಸ್ 2ರತ್ತ ಹೋದಾಗ 3ಎಕ್ಸ್+1 ರ ಮಿತಿ 7. ಜೆಇಇಯಲ್ಲಿ 7 ಬರೆದರೆ ಕೆಲಸ ಮುಗಿಯಿತು. ಕಾಲೇಜಿನಲ್ಲಿ 'ಅದು 7 ಎಂದು ಸಾಧಿಸು' ಎನ್ನುತ್ತಾರೆ. ಉತ್ತರ 7ರಿಂದ 0.03ಕ್ಕಿಂತ ಕಡಿಮೆ ದೂರದಲ್ಲಿ ಇರಬೇಕೆಂದರೆ ಎಕ್ಸ್ ಅನ್ನು 2ರಿಂದ 0.01ಕ್ಕಿಂತ ಕಡಿಮೆ ದೂರದಲ್ಲಿ ಇಟ್ಟರೆ ಸಾಕು. ಯಾರು ಎಷ್ಟೇ ಸಣ್ಣ ದೂರ ಕೇಳಿದರೂ ಅದರ ಮೂರನೇ ಒಂದು ಪಾಲು ಕೊಟ್ಟರೆ ಆಯಿತು. ಇಷ್ಟೇ ಸಾಧನೆ, ಆದರೆ ವಾಕ್ಯಗಳಲ್ಲಿ ಬರೆಯಬೇಕು. ಪಿಯುಸಿಯಲ್ಲೇ ವಾರಕ್ಕೊಂದು 'ಏಕೆ' ಎಂಬ ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರ ಬರೆಯುವ ರೂಢಿ ಇದ್ದರೆ ಇದು ಹೊಸದೆನಿಸುವುದಿಲ್ಲ.

ಪ್ರೋಗ್ರಾಮಿಂಗ್ ಇನ್ನೊಂದು ಗೋಡೆ. ಕಂಪ್ಯೂಟರ್ ಮುಟ್ಟದೆ ಬಂದವರೂ ಶಾಲೆಯಿಂದಲೇ ಕೋಡ್ ಬರೆದವರೂ ಒಂದೇ ತರಗತಿಯಲ್ಲಿ ಇರುತ್ತಾರೆ, ಗ್ರೇಡ್ ಮಾತ್ರ ತರಗತಿಯ ಉಳಿದವರಿಗೆ ಹೋಲಿಸಿ ಬರುತ್ತದೆ. ಸಿ ಭಾಷೆಯಲ್ಲಿ ಫ್ಯಾರನ್‌ಹೀಟನ್ನು ಸೆಲ್ಸಿಯಸ್‌ಗೆ ತಿರುಗಿಸುವ ಪುಟ್ಟ ಪ್ರೋಗ್ರಾಂ: 5/9*(113-32). ಲೆಕ್ಕದ ಪ್ರಕಾರ 45 ಬರಬೇಕು, ಮೇ ತಿಂಗಳ ಕಲಬುರಗಿ ಬಿಸಿಲು. ಪರದೆಯ ಮೇಲೆ ಬರುವುದು 0. ಯಾಕೆಂದರೆ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಸಿ ದಶಾಂಶ ಭಾಗವನ್ನು ಬಿಸಾಡುತ್ತದೆ, 5/9 ಆಗಲೇ 0 ಆಗಿಬಿಟ್ಟಿರುತ್ತದೆ. 5.0/9.0 ಎಂದು ಬರೆದರೆ 45 ಬರುತ್ತದೆ. ಇಂಥ ತಪ್ಪನ್ನು ಲ್ಯಾಬಿನ ಗಡಿಬಿಡಿಯಲ್ಲಿ ಮೊದಲ ಸಲ ಕಾಣುವ ಬದಲು ಜೆಇಇ ಮುಗಿದು ಕಾಲೇಜು ತೆರೆಯುವ ನಡುವಿನ ವಾರಗಳಲ್ಲಿ ಕಾಣಲಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು, ಷರತ್ತು, ಲೂಪ್, ಅರೇ, ಫಂಕ್ಷನ್ ಈ ನಾಲ್ಕು ಬಂದಿದ್ದರೆ ಸಾಕು.

ಮೊದಲ ಕ್ವಿಜ್‌ಗಳನ್ನು ಸಣ್ಣವು ಎಂದು ಬಿಡಬಾರದು, ಸೆಮಿಸ್ಟರಿನ ಅಂಕ ಹನಿ ಹನಿಯಾಗಿ ಕೂಡುವುದು ಅಲ್ಲಿಂದಲೇ. ಟ್ಯುಟೋರಿಯಲ್ ಹಾಳೆಯನ್ನು ಹಿಂದಿನ ರಾತ್ರಿ ಬಿಡಿಸಿ, ಎಲ್ಲಿ ನಿಂತಿತೋ ಆ ಸಾಲಿಗೆ ಗೆರೆ ಎಳೆದುಕೊಂಡು ಹೋಗಬೇಕು. 'ಈ ಸಾಲಿನಿಂದ ಮುಂದೆ ಬರಲಿಲ್ಲ' ಎಂದು ತೋರಿಸಿದವರಿಗೆ ಕಲಿಸುವವರು ಐದು ನಿಮಿಷದಲ್ಲಿ ಬಿಡಿಸಿಕೊಡುತ್ತಾರೆ. 'ಏನೂ ಅರ್ಥವಾಗಲಿಲ್ಲ' ಎಂದರೆ ಎಲ್ಲಿಂದ ಶುರು ಮಾಡಬೇಕೋ ಅವರಿಗೂ ತಿಳಿಯದು. ಇಂಗ್ಲಿಷ್ ತಡವರಿಸುತ್ತದೆ ಎಂದು ಕೇಳದೇ ಕೂರುವುದೇ ದೊಡ್ಡ ನಷ್ಟ. ಗೆರೆ ಎಳೆದ ಹಾಳೆ ತೋರಿಸಲು ಇಂಗ್ಲಿಷ್ ಬೇಕಿಲ್ಲ.

ಬ್ರಾಂಚ್ ಆಮೇಲೆ ಬದಲಿಸಿಕೊಳ್ಳಬಹುದು ಎಂಬ ನಂಬಿಕೆಯಿಂದ ಸೇರಬೇಡಿ. ಕೆಲವು ಐಐಟಿಗಳು ಅದನ್ನು ನಿಲ್ಲಿಸಿವೆ.

ಭೀಮಾದಂಡೆ (ಯಾದಗಿರಿ)

ಎಲ್ಲರಿಗೂ ಶರಣು. ಇವತ್ತೇ ಶಾಲೆಗೆ ಹೋಗಿ ಚೆಕ್ ಲಿಸ್ಟಿನಲ್ಲಿ ಹೆಸರು ನೋಡ್ತೀನಿ. 371(ಜೆ) ಪತ್ರ ಯಾವಾಗ ಮಾಡಿಸಬೇಕು? ಇದಕ್ಕೂ ಏಪ್ರಿಲ್ ತನಕ ಕಾಯಬೇಕಾ?

ಸುರಪುರ_ಕೋಟೆ

ಕಾಯಬೇಡಿ. ಏಪ್ರಿಲ್ 1ರ ನಿಯಮ ಓಬಿಸಿ–ಎನ್‌ಸಿಎಲ್, ಇಡಬ್ಲ್ಯುಎಸ್ ಎರಡಕ್ಕೆ ಮಾತ್ರ. 371(ಜೆ) ಪತ್ರವನ್ನು ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೂಡಲೇ ಹಾಕಿ. ಸಿಇಟಿ ಅರ್ಜಿಯ ಸಮಯದಲ್ಲಿ ಜಿಲ್ಲೆಯ ಮಕ್ಕಳೆಲ್ಲ ಒಮ್ಮೆಗೇ ಹಾಕುತ್ತಾರೆ, ಆಗ ತಡವಾಗುತ್ತದೆ. ಮಗಳ ವ್ಯಾಸಂಗ ಪತ್ರ, ಅಂಕಪಟ್ಟಿ, ನಿಮ್ಮ ಆಧಾರ್, ರೇಷನ್ ಕಾರ್ಡ್, ಪಹಣಿ ಒಂದು ಕಡತದಲ್ಲಿ ಇಟ್ಟುಕೊಂಡು ಹೋಗಿ. ಪತ್ರ ಕೈಗೆ ಬಂದ ಮೇಲೆ ಅದರ ಆರ್‌ಡಿ ಸಂಖ್ಯೆಯನ್ನು (ಪತ್ರದ ಮೇಲಿರುವ ಅದರ ಗುರುತಿನ ಸಂಖ್ಯೆ) ಬೇರೆ ಕಡೆ ಬರೆದಿಡಿ. ಕೆಇಎ ಅರ್ಜಿಯಲ್ಲಿ ಆ ಸಂಖ್ಯೆಯನ್ನೇ ಕೇಳುವುದು. ಒಂದು ಅಂಕಿ ತಪ್ಪಿದರೂ ಎಚ್‌ಕೆ ಕೋಟಾ ಪರದೆಯ ಮೇಲೆ ಕಾಣುವುದಿಲ್ಲ. ಅರ್ಜಿ ಮುಗಿಸುವ ಮುನ್ನ ಪ್ರಿಂಟ್ ತೆಗೆದು 2ಎ, ಗ್ರಾಮೀಣ, ಕನ್ನಡ ಮಾಧ್ಯಮ, ಎಚ್‌ಕೆ ನಾಲ್ಕರ ಮುಂದೆಯೂ 'ಹೌದು' ಎಂದು ಬಂದಿದೆಯಾ ನೋಡಿಕೊಳ್ಳಿ.